ಎಂ-ತ್ರೀ ಬ್ಯಾಕ್ ಇದ್ದವನ ಗ್ರೆನೋಬಲ್

ಮೂರನೇ ಸೆಮಿಸ್ಟರಿನ ಗಣಿತದಲ್ಲಿ, ಅಂದರೆ ನಮ್ಮ ಬಾಯಲ್ಲಿ ಎಂ-ತ್ರೀಯಲ್ಲಿ, ನಾನು ಎರಡು ಸಲ ಡುಮ್ಕಿ ಹೊಡೆದವನು. ನಮ್ಮ ಬ್ಯಾಚಿನವರಿಗೆ ಇದೇನೂ ಹೊಸ ಸುದ್ದಿಯಲ್ಲ. ಫೂರಿಯರ್ ಸೀರೀಸ್ ಅಂದರೆ ಸಾಕು, ಹಾಸ್ಟೆಲ್ ಮೆಸ್ಸಿನ ಜೋಳದ ರೊಟ್ಟಿ ಗಂಟಲಲ್ಲೇ ನಿಲ್ಲುತ್ತಿತ್ತು. ಮೂರನೇ ಸಲ 35 ಬಂತು. ಸರಿಯಾಗಿ 35. ಆ ಮಾರ್ಕ್ಸ್ ಕಾರ್ಡ್ ಈಗಲೂ ನನ್ನ ಹತ್ತಿರ ಇದೆ.

ಅಂಥವನು 2012ರ ಸೆಪ್ಟೆಂಬರಿನಲ್ಲಿ ಎಂಎಸ್ ಓದಲು ಫ್ರಾನ್ಸಿನ ಗ್ರೆನೋಬಲ್‌ಗೆ ಹೋದೆ. ಸೇರಿದ ವಿಶ್ವವಿದ್ಯಾಲಯದ ಹೆಸರು ಜೋಸೆಫ್ ಫೂರಿಯೆ. ನಾವು ಫೂರಿಯರ್ ಅನ್ನುತ್ತಿದ್ದ ಅದೇ ಮನುಷ್ಯ! ಅಡ್ಮಿಶನ್ ಪತ್ರ ನೋಡಿ ರೂಮ್‌ಮೇಟ್ ಅಂದಿದ್ದ, "ಅವನು ನಿನ್ನ ಬಿಡೋ ಹಂಗಿಲ್ಲ ನೋಡಲೇ."

ನಮ್ಮ ಕಾಲೇಜು ಪತ್ರಿಕೆಯ ಈ ಸಲದ ಸಂಚಿಕೆಗೆ ಏನಾದರೂ ಬರೆಯಿರಿ ಅಂದಾಗ ನಮ್ಮ ಕ್ಯಾಂಟೀನು, ನಮ್ಮ ಲ್ಯಾಬು ಅಂತ ಶುರು ಮಾಡಿದ್ದೆ. ಅದನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ಅದಕ್ಕೇ ಆ ಊರಿನ ಬಗ್ಗೆ ಬರೆಯುತ್ತಿದ್ದೇನೆ.

ಲಿಯೋನ್‌ನಿಂದ ಬಸ್ಸಿನಲ್ಲಿ ಒಂದು ಗಂಟೆ. ಆಲ್ಪ್ಸ್ ಊರು ಅಂದರೆ ಘಾಟಿ ಹತ್ತಬೇಕು, ತಿರುವಿನಲ್ಲಿ ವಾಂತಿ ಬರಬಹುದು ಅಂತ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡಿದ್ದೆ. ಬಸ್ಸು ಹತ್ತಲೇ ಇಲ್ಲ. ಎರಡು ಕಡೆ ಬೆಟ್ಟಗಳು ಎದ್ದು ನಿಂತವು, ರಸ್ತೆ ಮಾತ್ರ ನಮ್ಮ ರಾಯಚೂರಿನ ಹೊಲದ ಹಾಗೆ ಮಟ್ಟಸವಾಗಿತ್ತು. ಗ್ರೆನೋಬಲ್ ಸಮುದ್ರಮಟ್ಟದಿಂದ ಬರೀ 212 ಮೀಟರ್ ಎತ್ತರದಲ್ಲಿದೆ. ರಾಯಚೂರೇ ಇದಕ್ಕಿಂತ ಎತ್ತರ! ಹಿಮಯುಗದಲ್ಲಿ ಇಲ್ಲೆಲ್ಲ ದಪ್ಪ ಹಿಮನದಿ ಇತ್ತು. ಅದು ಕಣಿವೆಯನ್ನು ಕೊರೆದು ಹೋಯಿತು. ಆಮೇಲೆ ಉದ್ದನೆಯ ಸರೋವರವಾಯಿತು. ಸರೋವರದಲ್ಲಿ ಹೂಳು ತುಂಬಿ ನೆಲವಾಯಿತು. ಆ ಹೂಳಿನ ಮೇಲೆ ಊರು ಕೂತಿದೆ. ಸೈಕಲ್ ಹೊಡೆಯುವವರಿಗೆ ಇದಕ್ಕಿಂತ ಒಳ್ಳೆಯ ಊರು ಸಿಗಲ್ಲ. ಬಾಡಿಗೆಗೆ ಹಳದಿ ಸೈಕಲ್‌ಗಳು ಸಿಗುತ್ತಿದ್ದವು, ನಾನೂ ಒಂದು ತಗೊಂಡೆ.

ನನಗೆ ರೂಮು ಸಿಕ್ಕಿದ್ದು ಸಾಂ-ಲೊರಾಂ ಬೀದಿಯಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಒಂದು ಕಡೆ ಇಝೇರ್ ನದಿ, ಇನ್ನೊಂದು ಕಡೆ ಗೋಡೆಯ ಹಾಗೆ ಗುಡ್ಡ. ನಡುವಿನ ಸಂದಿಯೇ ಬೀದಿ. ಅದೇ ಬೀದಿಯಲ್ಲಿ ಆರನೇ ಶತಮಾನದ ನೆಲಮಾಳಿಗೆ ಉಳಿಸಿಕೊಂಡಿರುವ ಹಳೇ ಚರ್ಚು. ನದಿ ದಂಡೆಗೆ ಬಂದರೆ ಸಾಲು ಸಾಲು ಪಿಜ್ಜಾ ಅಂಗಡಿ. ದಕ್ಷಿಣ ಇಟಲಿಯ ಕೊರಾತೊ ಅನ್ನೋ ಒಂದೇ ಊರಿನಿಂದ ಸಾವಿರಾರು ಜನ ಇಲ್ಲಿಗೆ ಕೂಲಿಗೆ ಬಂದು ನೆಲೆ ನಿಂತವರು. ಆ ದಂಡೆಯ ವಾಸನೆ ಇನ್ನೂ ಇಟಲಿಯದ್ದೇ.

ಮನೆ ಮಾಲಕಿ ಎಪ್ಪತ್ತು ದಾಟಿದ ಹೆಂಗಸು. ನಾನು ಮದಾಂ ಅನ್ನುತ್ತಿದ್ದೆ. ಮೊದಲ ವಾರ ಮೂರು ಸಲ ದಾರಿ ತಪ್ಪಿದೆ. ಅವರು ನನ್ನನ್ನು ಸೇತುವೆ ಮೇಲೆ ನಿಲ್ಲಿಸಿ ಮೂರು ಕಡೆ ಕೈ ತೋರಿಸಿದರು. "ಉತ್ತರಕ್ಕೆ ಶಾರ್ತ್ರೂಸ್. ಪಡುವಣಕ್ಕೆ ವೆರ್ಕೋರ್. ಮೂಡಣಕ್ಕೆ ಬೆಲ್ಲದೋನ್. ಇಷ್ಟು ಗೊತ್ತಿದ್ದರೆ ಸಾಕು." ಆಮೇಲೆ ಯಾರನ್ನು ದಾರಿ ಕೇಳಿದರೂ ಹಾಗೇ ಹೇಳುತ್ತಿದ್ದರು. ಎಡ ಬಲ ಇಲ್ಲ. "ವೆರ್ಕೋರ್ ಕಡೆ ಹೋಗಿ, ಎರಡನೇ ಸಿಗ್ನಲ್." ಯಾವ ಬೀದಿಯಲ್ಲಿ ನಿಂತು ನೋಡಿದರೂ ಕೊನೆಗೆ ಒಂದು ಬೆಟ್ಟ ಅಡ್ಡ ನಿಂತಿರುತ್ತದೆ, ತಪ್ಪಿಸಿಕೊಳ್ಳೋಕೆ ಆಗಲ್ಲ.

ಶಾರ್ತ್ರೂಸ್, ವೆರ್ಕೋರ್ ಎರಡೂ ಸುಣ್ಣಕಲ್ಲಿನವು. ಬಿಳಿ ಬಂಡೆ, ನೆಟ್ಟಗೆ ಕಡಿದ ಅಂಚು, ಒಳಗೆಲ್ಲ ಗುಹೆಗಳು. ಬೆಲ್ಲದೋನ್ ಬೇರೆ ಜಾತಿ, ಗಟ್ಟಿ ಹಳೇ ಕಲ್ಲು, ಮೊನಚು ಶಿಖರ. ಅತಿ ಎತ್ತರದ್ದು 2977 ಮೀಟರ್. ನನ್ನ ಕಿವಿಗೆ ಮಾತ್ರ ಅದು ಮೊದಲ ದಿನದಿಂದಲೂ ಬೆಲ್ಲದ ದೋಣಿ. ಚಳಿಗಾಲದ ಸಂಜೆ ಸೂರ್ಯ ವೆರ್ಕೋರ್ ಹಿಂದೆ ಇಳಿದು ಊರಿಗೆಲ್ಲ ಕತ್ತಲಾದ ಮೇಲೂ ಆ ದೋಣಿಯ ಮೇಲೆ ಹತ್ತು ನಿಮಿಷ ಬಿಸಿಲು ಉಳಿಯುತ್ತದೆ. ಹಿಮ ಮೊದಲು ಗುಲಾಬಿ ಆಗುತ್ತದೆ, ಆಮೇಲೆ ನಿಜವಾಗಲೂ ಬೆಲ್ಲದ ಬಣ್ಣ. ಕ್ಲಾಸು ಮುಗಿಸಿ ಬರುವವರೆಲ್ಲ ಟ್ರಾಮಿನ ಕಿಟಕಿಗೆ ಮುಖ ಅಂಟಿಸುತ್ತಿದ್ದರು, ಅಲ್ಲೇ ಹುಟ್ಟಿ ಬೆಳೆದವರೂ.

ಎರಡು ನದಿಗಳ ನಡುವಿನ ಊರು ನನಗೇನೂ ಹೊಸದಲ್ಲ. ಕೃಷ್ಣೆ ಮತ್ತು ತುಂಗಭದ್ರೆ ನಡುವಿನ ದೋಆಬ್‌ನಲ್ಲೇ ಹುಟ್ಟಿದವನು ನಾನು. ಆದರೆ ನಮ್ಮ ನದಿಗಳಿಗೆ ಊರಿನಿಂದ ದೂರ ಇರುವ ಮರ್ಯಾದೆ ಇದೆ. ಗ್ರೆನೋಬಲ್‌ನಲ್ಲಿ ಇಝೇರ್ ಊರಿನ ಮೈಗೆ ಸುತ್ತಿಕೊಂಡೇ ಹರಿಯುತ್ತದೆ, ಬೇಸಿಗೆಯಲ್ಲಿ ಬೂದಿ ಕಲಸಿದಂಥ ನೀರು. ದಕ್ಷಿಣದಿಂದ ಡ್ರಾಕ್ ಧುಮುಕಿ ಬಂದು ಊರಿನ ಬಾಲದಲ್ಲಿ ಅದಕ್ಕೆ ಸೇರುತ್ತದೆ. ಹಳಬರು ಇಝೇರನ್ನು ಹಾವು, ಡ್ರಾಕನ್ನು ಡ್ರ್ಯಾಗನ್ ಅನ್ನುತ್ತಾರೆ. ಹಾವೂ ಡ್ರ್ಯಾಗನ್ನೂ ಸೇರಿ ಒಂದು ದಿನ ಗ್ರೆನೋಬಲ್ಲನ್ನು ಸಾಬೂನಿನ ಹಾಗೆ ಕರಗಿಸಿಬಿಡುತ್ತವೆ ಅಂತ ಗಾದೆಯೇ ಇದೆ. ನಮ್ಮ ಬೀದಿಯ ತುದಿಯಲ್ಲಿ ಒಂದು ಕಾರಂಜಿ ಇತ್ತು. ಸಿಂಹವೊಂದು ಹಾವನ್ನು ಕಾಲಿನಲ್ಲಿ ಅದುಮಿ ಹಿಡಿದಿದೆ. ಸಿಂಹ ಅಂದರೆ ಊರು. 1843ರಲ್ಲಿ ವಿಕ್ತೋರ್ ಸಾಪೇ ಮಾಡಿದ ಶಿಲ್ಪ. ಅದಾಗಿ ಹದಿನಾರು ವರ್ಷಕ್ಕೆ, 1859ರ ನವೆಂಬರಿನಲ್ಲಿ, ಹಾವು ಊರೊಳಗೆಲ್ಲ ಹರಿದಾಡಿ ಹೋಯಿತು.

ಎಲ್ಲಕ್ಕಿಂತ ಕೆಟ್ಟದ್ದು 1219ರ ಪ್ರವಾಹ. 1191ರಲ್ಲಿ ಮೇಲೆ ಒಯ್ಸಾನ್ ಕಣಿವೆಯಲ್ಲಿ ಗುಡ್ಡ ಕುಸಿದು ರೊಮಾಂಶ್ ನದಿಗೆ ಅಡ್ಡ ಬಿತ್ತು. ತಾನಾಗೇ ಅಣೆಕಟ್ಟಾಯಿತು, ಹಿಂದೆ ಕೆರೆ ತುಂಬಿತು. ಜನ ಇಪ್ಪತ್ತೆಂಟು ವರ್ಷ ಅದರ ಕೆಳಗೇ ಬದುಕಿದರು. 1219ರ ಸೆಪ್ಟೆಂಬರಿನ ಒಂದು ರಾತ್ರಿ ಅದು ಒಡೆಯಿತು. ನೀರು ರೊಮಾಂಶ್‌ನಿಂದ ಡ್ರಾಕ್‌ಗೆ, ಡ್ರಾಕ್‌ನಿಂದ ಇಝೇರ್‌ಗೆ ನುಗ್ಗಿ, ಇಝೇರನ್ನೇ ಹಿಂದಕ್ಕೆ ತಳ್ಳಿತು. ಊರಿಗಿದ್ದ ಒಂದೇ ಸೇತುವೆ ಕೊಚ್ಚಿಹೋಯಿತು. ಮದಾಂ ಇದನ್ನು ಹೇಳುವಾಗ ತಾವೇ ಮೂರನೇ ಮಹಡಿಯಿಂದ ನೋಡಿದವರ ಹಾಗೆ ಹೇಳುತ್ತಿದ್ದರು.

ಊರಿನ ಹೆಸರಿನ ಕಥೆ ಬೇಗ ಮುಗಿಸುತ್ತೇನೆ. ಮೊದಲು ಕುಲಾರೊ, ಗಾಲ್ ಜನರ ಸಣ್ಣ ಊರು. ಕ್ರಿಸ್ತಪೂರ್ವ 43ರಲ್ಲಿ ರೋಮಿನ ರಾಜಕಾರಣಿ ಸಿಸೆರೊಗೆ ಬಂದ ಒಂದು ಪತ್ರದಲ್ಲಿ ಆ ಹೆಸರು ಮೊದಲ ಸಲ ಸಿಗುತ್ತದೆ. 381ರಲ್ಲಿ ಗ್ರೇಷಿಯನ್ ಚಕ್ರವರ್ತಿಯ ಹೆಸರಲ್ಲಿ ಗ್ರಾಷಿಯಾನೊಪೊಲಿಸ್ ಆಯಿತು. ಅದೇ ಜನರ ಬಾಯಲ್ಲಿ ಸವೆದು ಗ್ರೆನೋಬಲ್. ಮುಂದೆ ಇದು ದೊಫಿನೆ ಅನ್ನುವ ಸ್ವತಂತ್ರ ಸೀಮೆಯ ರಾಜಧಾನಿ. ಎರಡನೇ ಉಂಬೇರ್ ಎಂಬ ದೊರೆ 1339ರಲ್ಲಿ ವಿಶ್ವವಿದ್ಯಾಲಯ ಕಟ್ಟಿದ, ಸಾಲ ಮಾಡಿಕೊಂಡ, ಹತ್ತೇ ವರ್ಷಕ್ಕೆ ಇಡೀ ಸೀಮೆಯನ್ನೇ ಫ್ರಾನ್ಸಿಗೆ ಮಾರಿದ. ಅಲ್ಲಿಂದ ಫ್ರಾನ್ಸಿನ ಯುವರಾಜನಿಗೆ ದೊಫಾಂ ಅನ್ನೋ ಬಿರುದು.

ನನಗೆ ಇಷ್ಟವಾದ ಕಥೆ ಹೆಂಚುಗಳದ್ದು. 1788ರ ಜೂನ್ 7. ಊರಿನ ನ್ಯಾಯಸಭೆ ರಾಜನ ಮಾತು ಕೇಳುತ್ತಿಲ್ಲ ಅಂತ ನ್ಯಾಯಾಧೀಶರನ್ನು ಊರು ಬಿಡಿಸಲು ಆಜ್ಞೆ ಬಂತು. ನ್ಯಾಯಸಭೆ ಹೋದರೆ ವಕೀಲರು, ಗುಮಾಸ್ತರು, ಅವರನ್ನು ನಂಬಿದ ಅಂಗಡಿಯವರು ಎಲ್ಲರ ಹೊಟ್ಟೆಗೂ ಪೆಟ್ಟು. ಅವತ್ತು ಸಂತೆ ದಿನ. ಜನ ಮನೆ ಮೇಲೆ ಹತ್ತಿ, ಹೆಂಚು ಕಿತ್ತು ಸಿಪಾಯಿಗಳ ಮೇಲೆ ಎಸೆದರು. ಆ ಪಡೆಯಲ್ಲಿ ಬೆರ್ನಾದೊತ್ ಎಂಬ ಸಾರ್ಜೆಂಟ್ ಇದ್ದ, ಅವನು ಮುಂದೆ ಸ್ವೀಡನ್‌ನ ರಾಜನಾದ. ಗ್ರೆನೆತ್ ಚೌಕದ ತಾತನ ಮನೆ ಕಿಟಕಿಯಿಂದ ಐದು ವರ್ಷದ ಹುಡುಗನೊಬ್ಬ ಗಾಯಗೊಂಡ ಕೂಲಿಯವನನ್ನು ಹೊತ್ತುಕೊಂಡು ಹೋಗುವುದನ್ನು ನೋಡಿದ. ಆ ಹುಡುಗನೇ ಕಾದಂಬರಿಕಾರ ಸ್ತಾಂದಾಲ್. ದೊಡ್ಡವನಾದ ಮೇಲೆ ಹುಟ್ಟೂರನ್ನು ಮನಸಾರೆ ಬೈದ. ಊರಿನವರು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ, ಅವನ ಹೆಸರಿನಲ್ಲಿ ಶಾಲೆ ಮಾಡಿದ್ದಾರೆ. ಪ್ಯಾರಿಸ್ಸಿನಲ್ಲಿ ಬಾಸ್ತಿಲ್ ಕೋಟೆ ಬಿದ್ದದ್ದು ಹೆಂಚು ಎಸೆದ ಮರುವರ್ಷ. ಕ್ರಾಂತಿ ಶುರುವಾಗಿದ್ದು ನಮ್ಮಲ್ಲೇ ಅಂತ ಗ್ರೆನೋಬಲ್‌ನವರು ಎದೆ ತಟ್ಟಿಕೊಳ್ಳುವುದು ಅದಕ್ಕೇ.

ಇನ್ನು ಫೂರಿಯೆ. ನಾನು ಅವನನ್ನು ಬರೀ ಗಣಿತದ ಮೇಷ್ಟ್ರು ಅಂದುಕೊಂಡಿದ್ದೆ. ಅವನು ಇಝೇರ್ ಜಿಲ್ಲೆಯ ಪ್ರಿಫೆಕ್ಟ್, ಅಂದರೆ ನಮ್ಮ ಲೆಕ್ಕದಲ್ಲಿ ಡಿಸಿ! ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿ ಬಂದವನನ್ನು 1802ರಲ್ಲಿ ಇಲ್ಲಿಗೆ ಹಾಕಿದರು. 1815ರವರೆಗೆ ಇದ್ದ. ಬೂರ್ಗ್ವಾಂ ಹತ್ತಿರದ ಜೌಗು ನೆಲವನ್ನು ಬಸಿಸಬೇಕಿತ್ತು. ಅದಕ್ಕೆ ಹತ್ತಾರು ಹಳ್ಳಿಗಳವರನ್ನು ಕೂರಿಸಿಕೊಂಡು ಒಪ್ಪಿಸಿದ. ಇಟಲಿ ಕಡೆಗೆ ಬೆಟ್ಟದ ರಸ್ತೆ ಹಾಕಿಸಿದ. ಹಗಲೆಲ್ಲ ಕಡತ, ಅರ್ಜಿ, ಗಡಿ ಜಗಳ. ಉಳಿದ ಹೊತ್ತಿನಲ್ಲಿ ಲೋಹದ ಬಳೆಗಳನ್ನು ಕಾಯಿಸಿ, ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹರಡುತ್ತದೆ ಅಂತ ಅಳೆಯುತ್ತಿದ್ದ. 1807ರಲ್ಲಿ ಬರೆದು ಪ್ಯಾರಿಸ್ಸಿಗೆ ಕಳಿಸಿದ. ಅಲ್ಲಿಯ ದೊಡ್ಡ ಗಣಿತಜ್ಞರು ಸುಲಭಕ್ಕೆ ಒಪ್ಪಲಿಲ್ಲ. ಪುಸ್ತಕವಾಗಿ ಬಂದದ್ದು 1822ರಲ್ಲಿ. ನಮ್ಮ ಮೂರನೇ ಸೆಮಿಸ್ಟರ್ ಹಾಳು ಮಾಡಿದ ಸೈನು, ಕೊಸೈನುಗಳೆಲ್ಲ ಹುಟ್ಟಿದ್ದು ಈ ಬಿಸಿಯ ಲೆಕ್ಕದಿಂದ. ಇದನ್ನು ಆಗಲೇ ಯಾರಾದರೂ ಹೇಳಿದ್ದರೆ ನಾನು ಒಂದು ಸಲವಾದರೂ ಕಡಿಮೆ ಫೇಲ್ ಆಗುತ್ತಿದ್ದೆನೋ ಏನೋ.

ಈಜಿಪ್ಟಿನಿಂದ ಬಂದ ಮೇಲೆ ಅವನಿಗೆ ಚಳಿ ತಡೆಯುತ್ತಿರಲಿಲ್ಲವಂತೆ. ಬೇಸಿಗೆಯಲ್ಲೂ ಕೋಟು, ಕೋಣೆಯಲ್ಲಿ ಬೆಂಕಿ. ಇದನ್ನು ಕೇಳಿದ ದಿನದಿಂದ ಅವನ ಮೇಲಿನ ಸಿಟ್ಟು ಇಳಿಯಿತು. ರಾಯಚೂರಿನ ಬಿಸಿಲಿನಲ್ಲಿ ಬೆಂದವನು ಜನವರಿಯ ಗ್ರೆನೋಬಲ್‌ನಲ್ಲಿ ಎರಡು ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ಅದೇ ಫೂರಿಯೆ ಹೆಸರಿನ ಕ್ಯಾಂಪಸ್ಸಿಗೆ ಹೋಗುತ್ತಿದ್ದೆ. ಚಳಿಗಾಲದಲ್ಲಿ ತಣ್ಣನೆ ಗಾಳಿ ಬೋಗುಣಿಯಂಥ ಕಣಿವೆಯ ತಳದಲ್ಲಿ ಕೂತುಬಿಡುತ್ತದೆ. ಮೇಲೆ ಬೆಚ್ಚನೆ ಗಾಳಿಯ ಮುಚ್ಚಳ. ಹೊಗೆ, ಮಂಜು ಎಲ್ಲ ಒಳಗೇ. ವಾರಗಟ್ಟಲೆ ಸೂರ್ಯ ಕಾಣಲ್ಲ. ಬೇಸಿಗೆಯಲ್ಲಿ ಅದೇ ಬೋಗುಣಿ ಕಾದ ಬಾಣಲೆ. ಜುಲೈನಲ್ಲಿ ಒಂದು ಮಧ್ಯಾಹ್ನ ಬೆವರು ಒರೆಸಿಕೊಂಡು ಅವ್ವನಿಗೆ ಫೋನ್ ಮಾಡಿ "ಇಲ್ಲೂ ನಮ್ಮೂರೇ ಆಗೇದ" ಅಂದರೆ ಅವಳು ನಂಬಲಿಲ್ಲ.

ಗುರುವಾರ ಮಧ್ಯಾಹ್ನ ನಮಗೆ ಪಾಠ ಇರುತ್ತಿರಲಿಲ್ಲ. ಕಾಸಿದ್ದವರು ಸ್ಕೀ ಮಾಡಲು ಹೋಗುತ್ತಿದ್ದರು. 1968ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಜಾನ್-ಕ್ಲೋದ್ ಕಿಲಿ ಮೂರು ಚಿನ್ನ ಗೆದ್ದ ಇಳಿಜಾರು ಶಾಂರೂಸ್‌ಗೆ ಬಸ್ಸಿತ್ತು. ನಾನು ಒಂದೇ ಸಲ ಹೋದೆ, ಬಿದ್ದೆ, ವಾಪಸ್ ಬಂದೆ. ಉಳಿದ ಗುರುವಾರಗಳಲ್ಲಿ ಬಾಸ್ತಿಯ್ ಗುಡ್ಡ ಹತ್ತುತ್ತಿದ್ದೆ. ಇದು ಪ್ಯಾರಿಸ್ಸಿನದ್ದಲ್ಲ, ನಮ್ಮ ಬೀದಿಯ ನೆತ್ತಿಯ ಮೇಲಿದ್ದ ಹತ್ತೊಂಬತ್ತನೇ ಶತಮಾನದ ಕೋಟೆ. 1934ರಿಂದ ಅಲ್ಲಿಗೆ ರೋಪ್‌ವೇ ಇದೆ, ಈಗ ಗಾಜಿನ ಗುಂಡು ಗುಂಡು ಡಬ್ಬಿಗಳು ಸಾಲಾಗಿ ಹೋಗುತ್ತವೆ. ಟಿಕೆಟ್ ದುಡ್ಡು ಉಳಿಸಲು ನಾನು ಕಾಲ್ನಡಿಗೆ.

ಮಂಜು ಕವಿದ ದಿನ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಫಕ್ಕನೆ ತಲೆ ಬಿಸಿಲಿಗೆ ಬರುತ್ತಿತ್ತು. ಊರು ಕೆಳಗೆ ಹತ್ತಿಯೊಳಗೆ ಮುಚ್ಚಿಹೋಗಿರುತ್ತಿತ್ತು. ಮಂಜು ಇಲ್ಲದ ದಿನ ಮೂರು ಕಣಿವೆಗಳು ಹುಡುಗರ ಚಾಟರಬಿಲ್ಲಿನ ಕವಲಿನ ಹಾಗೆ ಕಾಣುತ್ತಿದ್ದವು. ಇನ್ನೂ ಸ್ವಚ್ಛ ಇದ್ದರೆ ಈಶಾನ್ಯದ ಕಣಿವೆಯ ತುದಿಯಲ್ಲಿ ಆಲ್ಪ್ಸಿನ ಅತಿ ಎತ್ತರದ ಶಿಖರ ಮೋಂಬ್ಲಾಂ. ಆ ಕಣಿವೆಯಲ್ಲೇ ಲಾನ್ಸೆ ಅನ್ನೋ ಜಾಗ ಇದೆ. 1869ರಲ್ಲಿ ಆರಿಸ್ತೀದ್ ಬೆರ್ಜೆಸ್ 200 ಮೀಟರ್ ಎತ್ತರದಿಂದ ಕೊಳವೆಯಲ್ಲಿ ನೀರಿಳಿಸಿ, ಕಾಗದಕ್ಕೆ ಮರ ಅರೆಯುವ ಯಂತ್ರ ತಿರುಗಿಸಿದ. ಈ ಬೆಟ್ಟದ ನೀರಿಗೆ ಅವನು ಕೊಟ್ಟ ಹೆಸರು ಬಿಳಿ ಕಲ್ಲಿದ್ದಲು. ಶಕ್ತಿನಗರದ ಥರ್ಮಲ್ಲಿಗೆ ಹೋಗುವ ಕಲ್ಲಿದ್ದಲು ರೈಲಿನ ಡಬ್ಬಿ ಎಣಿಸಿ ಬೆಳೆದ ನನಗೆ ಕಲ್ಲಿದ್ದಲು ಅಂದರೆ ಕಪ್ಪೇ. ಆ ಹೆಸರು ಅರಗಲು ಸ್ವಲ್ಪ ಹೊತ್ತು ಹಿಡಿಯಿತು.

ಹಾವೂ ಡ್ರ್ಯಾಗನ್ನೂ ಸೇರುವ ಮೂಲೆ ಮೊದಲು ಫಿರಂಗಿ ಅಭ್ಯಾಸದ ಮೈದಾನವಾಗಿತ್ತಂತೆ. ಈಗ ಅಲ್ಲಿ ಪೂರ್ತಿ ಪ್ರಯೋಗಾಲಯಗಳು. ಎಲೆಕ್ಟ್ರಾನ್‌ಗಳನ್ನು ಸುತ್ತಿಸಿ ಎಕ್ಸ್-ರೇ ಹುಟ್ಟಿಸುವ, 844 ಮೀಟರ್ ಸುತ್ತಳತೆಯ ಸಿಂಕ್ರೊಟ್ರಾನ್ ಉಂಗುರ, ಪಕ್ಕದಲ್ಲೇ ನ್ಯೂಟ್ರಾನ್ ರಿಯಾಕ್ಟರ್. 1980ರ ಫೆಬ್ರವರಿ 5ರ ನಸುಕಿನಲ್ಲಿ ಜರ್ಮನ್ ಭೌತವಿಜ್ಞಾನಿ ಕ್ಲೌಸ್ ಫಾನ್ ಕ್ಲಿಟ್ಸಿಂಗ್ ಕ್ವಾಂಟಮ್ ಹಾಲ್ ಪರಿಣಾಮ (ಬಲವಾದ ಕಾಂತಕ್ಷೇತ್ರದಲ್ಲಿ ವಿದ್ಯುತ್ ರೋಧ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದು) ಕಂಡದ್ದು ಈ ಊರಿನ ಮ್ಯಾಗ್ನೆಟ್ ಲ್ಯಾಬಿನಲ್ಲೇ. ಅಲ್ಲಿಗೆ ಹೋಗುವ ರಸ್ತೆಗೆ ಹುತಾತ್ಮರ ಹೆಸರು. ಎರಡನೇ ಮಹಾಯುದ್ಧದಲ್ಲಿ ಊರು ಜರ್ಮನ್ನರ ಕೈಯಲ್ಲಿತ್ತು. 1943ರ ನವೆಂಬರ್ 11ರಂದು, ಮೊದಲ ಮಹಾಯುದ್ಧ ನಿಂತ ದಿನದ ನೆನಪಿಗೆ, ಜರ್ಮನ್ನರು ಬೇಡವೆಂದರೂ ಜನ ಮೆರವಣಿಗೆ ಹೊರಟರು. ಸುಮಾರು 400 ಮಂದಿಯನ್ನು ಹಿಡಿದು ಯಾತನಾ ಶಿಬಿರಗಳಿಗೆ ಸಾಗಿಸಿದರು. ಹೆಚ್ಚಿನವರು ವಾಪಸ್ ಬರಲಿಲ್ಲ. ಆ ಯುದ್ಧದಲ್ಲಿ ಫ್ರಾನ್ಸ್ ತನ್ನ ವಿಮೋಚನೆಯ ಪದಕವನ್ನು ಐದೇ ಊರುಗಳಿಗೆ ಕೊಟ್ಟಿತು, ಅದರಲ್ಲಿ ಗ್ರೆನೋಬಲ್ ಒಂದು. ಮದಾಂ ಈ ವಿಷಯ ಮಾತ್ರ ತಾವಾಗಿ ಎತ್ತುತ್ತಿರಲಿಲ್ಲ.

ಅವರು ತೋರಿಸಿದ್ದು ಕೈಗವಸು. ಅವರ ತಾಯಿ ಮನೆಯಲ್ಲೇ ಕೂತು ಹೊಲಿದದ್ದು, ಮೇಕೆಮರಿ ಚರ್ಮ, ಈರುಳ್ಳಿ ಸಿಪ್ಪೆಯಷ್ಟು ತೆಳು. ಒಂದು ಕಾಲಕ್ಕೆ ಊರಿನ ಅರ್ಧ ಜನ ಇದೇ ಕಸುಬಿನಲ್ಲಿದ್ದರು ಅನ್ನುತ್ತಿದ್ದರು. ಕೈಗವಸಿಗೆ ಸೈಜ್ ನಂಬರ್ ಬಂದದ್ದೂ ಇಲ್ಲಿಂದಲೇ, 1830ರ ದಶಕದಲ್ಲಿ ಗ್ಸಾವಿಯೆ ಜುವಾಂ ಎಂಬಾತ ಜನರ ಕೈ ಅಳೆದು ಅಳೆದು ಲೆಕ್ಕ ಕಟ್ಟಿದ. ನನ್ನ ಕೈಗೆ ಹಾಕಿ ನೋಡಿದರು, ಬೆರಳು ಅರ್ಧಕ್ಕೇ ನಿಂತವು. ನಕ್ಕು, ಅಕ್ರೋಟು ಒಡೆದು ಕೊಟ್ಟರು. ಕೆಳಗಿನ ಇಝೇರ್ ಕಣಿವೆಯ ಅಕ್ರೋಟು ಫ್ರಾನ್ಸಿನಲ್ಲೆಲ್ಲ ಹೆಸರುವಾಸಿ. ಸಸ್ಯಾಹಾರಿಯಾದ ನಾನು ಎರಡು ವರ್ಷ ಬದುಕಿದ್ದು ಅದರ ಮೇಲೆ, ಮತ್ತೆ ಹಾಲು, ಕೆನೆ, ಬೆಳ್ಳುಳ್ಳಿ ಹಾಕಿ ಬೇಯಿಸುವ ಅವರ ಆಲೂಗಡ್ಡೆ ಗ್ರಾತಾಂ ಮೇಲೆ. ನಾನು ಅದಕ್ಕೆ ಕದ್ದು ಖಾರದ ಪುಡಿ ಉದುರಿಸಿಕೊಳ್ಳುತ್ತಿದ್ದೆ.

2014ರಲ್ಲಿ ಪದವಿ ಪಡೆದು ಬಂದೆ. ಎರಡು ವರ್ಷದಲ್ಲಿ ಊರಿನ ವಿಶ್ವವಿದ್ಯಾಲಯಗಳನ್ನೆಲ್ಲ ಒಂದು ಮಾಡಿ ಗ್ರೆನೋಬಲ್ ಆಲ್ಪ್ ಅಂತ ಹೆಸರಿಟ್ಟರು, ಫೂರಿಯೆ ಹೋದ. ನನ್ನ ಸರ್ಟಿಫಿಕೇಟಿನಲ್ಲಿ ಮಾತ್ರ ಇದ್ದಾನೆ. ಅದನ್ನು 35 ಅಂಕದ ಮಾರ್ಕ್ಸ್ ಕಾರ್ಡ್ ಇರುವ ಫೈಲಿನಲ್ಲೇ ಇಟ್ಟಿದ್ದೇನೆ. ಮೊನ್ನೆ ಯಾವುದೋ ಕಾಗದ ಹುಡುಕುವಾಗ ಅವ್ವ ಅದನ್ನು ತೆಗೆದು ನೋಡಿದಳು.

"ಯಾರಪ್ಪ ಇವ, ಜೋಸೆಫ್?"

"ಅಲ್ಲಿ ಡಿಸಿ ಆಗಿದ್ದನವ್ವ."

"ಡಿಸಿ ಹೆಸರಿನಾಗ ಕಾಲೇಜಾ? ಏನು ಮಾಡಿದ್ದ ಅಂಥಾದ್ದು?"

ಜೌಗು ಬಸಿಸಿದ, ರಸ್ತೆ ಹಾಕಿಸಿದ ಅಂದೆ. ಹಂಗಾದ್ರೆ ಸರಿ ಅಂದಳು.