ಬಂಡೆಯ ಮೇಲಿನ ಕಿತ್ತಳೆ ಕಲೆ: ತುಕ್ಕೋ, ಕಲ್ಲುಹೂವೋ?

ಚಿತ್ರದುರ್ಗದ ಏಳುಸುತ್ತಿನ ಕೋಟೆ ಹತ್ತುವಾಗ ಬಂಡೆಗಳ ಮೈಮೇಲೆ ಬೂದು, ಹಳದಿ, ಕಿತ್ತಳೆ ಕಲೆಗಳು ಕಾಣುತ್ತವೆ. ಕೆಲವು ಕಬ್ಬಿಣದ ತುಕ್ಕಿನ ಗುರುತು. ಕೆಲವು ಕಲ್ಲುಹೂ. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ; ಆದರೆ ಎಲೆಯಂತೆ ಏಳದೆ ಕಲ್ಲಿಗೇ ಹಕ್ಕಳೆಯಂತೆ ಅಂಟಿಕೊಂಡಿರುತ್ತದೆ.

‘ಬೆಳೆಯುತ್ತದೆ, ಹಾಗಾಗಿ ಜೀವಿ’ ಎಂಬ ಶಾಲೆಯ ಉತ್ತರ ಇಲ್ಲಿ ಸಾಲದು. ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತರುವ ಮೈಲುತುತ್ತವನ್ನೇ (ತಾಮ್ರದ ಸಲ್ಫೇಟ್) ನೋಡಿ. ಬಿಸಿನೀರಿನಲ್ಲಿ ಕರಗುವಷ್ಟೂ ಕರಗಿಸಿ, ಒಂದು ದಾರ ಇಳಿಬಿಟ್ಟು, ಅಲುಗಿಸದೆ ಇಟ್ಟರೆ ನೀಲಿ ಹರಳು ದಿನೇದಿನೇ ದಪ್ಪವಾಗುತ್ತದೆ. ನೀರಿನಲ್ಲಿದ್ದ ಪದಾರ್ಥವೇ ಹೊರಗಿನಿಂದ ಪದರಪದರವಾಗಿ ಕೂರುತ್ತದೆ, ಅಷ್ಟೇ. ಕಲ್ಲುಹೂ ಹಾಗಲ್ಲ: ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಸಕ್ಕರೆ ಮಾಡಿಕೊಂಡು, ಅದರಿಂದ ತನ್ನ ಮೈ ಕಟ್ಟುತ್ತದೆ. ಅದೂ ಎಷ್ಟು ನಿಧಾನ! ಕಲ್ಲಿಗಂಟುವ ಹಲವು ಬಗೆಗಳು ವರ್ಷಕ್ಕೆ 1 ಮಿ.ಮೀ.ಗಿಂತ ಕಡಿಮೆ ಹರಡುತ್ತವೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಒಣಗಿದಾಗ ಉಸಿರಾಟವೂ ನಿಂತಂತೆಯೇ. ಆ ಹೊತ್ತಿಗೆ ನೋಡಿದವರು ನಿರ್ಜೀವ ಎಂದರೆ ತಪ್ಪು ಅವರದಲ್ಲ.

ಆದ್ದರಿಂದ ಮೊದಲು ನೀರು ಕೊಡಿ. ಒಣ ಕಲೆಯ ಮೇಲೆ 2–3 ಹನಿ ಬಿಟ್ಟು, ಕೆಲವು ನಿಮಿಷ ಕಾದು, 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಮೇಲ್ಪದರ ತಿಳಿಯಾಗಿ ಒಳಗಿನ ಹಸಿರು ಮೇಲೆದ್ದರೆ ಅದು ಕಲ್ಲುಹೂ. ತುಕ್ಕು ನೆನೆದರೆ ಬಣ್ಣ ಗಾಢವಾಗುತ್ತದೆ, ಹಸಿರಾಗುವುದಿಲ್ಲ. ಕಿತ್ತಳೆ, ಕಪ್ಪು ಬಗೆಗಳಲ್ಲಿ ಬಣ್ಣದ ಪದರ ದಟ್ಟವಾಗಿದ್ದು ಹಸಿರು ಮುಚ್ಚಿಹೋಗಬಹುದು. ಆಗ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಸಣ್ಣ ಹನಿ ಬೇಕು. ಕಿತ್ತಳೆ ಕಲ್ಲುಹೂಗಳಲ್ಲಿ ಹೆಚ್ಚಿನವು ತಟ್ಟನೆ ನೇರಳೆಗೆಂಪಾಗುತ್ತವೆ. ತುಕ್ಕು ಹಾಗೇ ಇರುತ್ತದೆ. ಬಣ್ಣ ಬದಲಾಗಲಿಲ್ಲವೆಂದು ಜೀವವಿಲ್ಲ ಎನ್ನಬೇಡಿ: ಹೀಗೆ ಬಣ್ಣ ಬದಲಿಸುವ ವರ್ಣದ್ರವ್ಯ ಎಲ್ಲ ಪ್ರಭೇದಗಳಲ್ಲೂ ಇರುವುದಿಲ್ಲ, ದ್ರಾವಣವೂ ಗಾಳಿಯಾಡಿ ಕೆಟ್ಟಿರಬಹುದು. ಅದು ಚರ್ಮ, ಕಣ್ಣು ಸುಡುತ್ತದೆ, ಕೈಗವಸು ಬೇಕೇ ಬೇಕು. ಕೋಟೆ ಸಂರಕ್ಷಿತ ಸ್ಮಾರಕ. ಅಲ್ಲಿ ಕೆರೆಯುವುದು, ರಾಸಾಯನಿಕ ಹಾಕುವುದು ಕೂಡದು. ಹೊಲದ ಬದುವಿನ ಬಿಡಿಗಲ್ಲು ಸಾಕು.

ಜೀವಿ ಎಂದು ಗೊತ್ತಾದ ಮೇಲೆ ಯಾವ ಗುಂಪಿಗೆ ಸೇರಿಸುವುದು? 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ತನಗೆ ಗೊತ್ತಿದ್ದ ಕಲ್ಲುಹೂಗಳನ್ನೆಲ್ಲ ‘ಲೈಕೆನ್’ ಎಂಬ ಒಂದೇ ಜಾತಿಗೆ ಹಾಕಿ ಪಾಚಿಗಳ ಸಾಲಿನಲ್ಲಿಟ್ಟ. ಇದು ಒಂದು ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಯ ಕೂಡುಬಾಳು ಎಂದು 1867ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಶ್ವೆಂಡೆನರ್ ಹೇಳಿದಾಗ ಹಲವು ತಜ್ಞರೇ ಒಪ್ಪಲಿಲ್ಲ. ಸೂಕ್ಷ್ಮದರ್ಶಕದಲ್ಲಿ 400 ಪಟ್ಟಿಗೆ ನೋಡಿದರೆ ಶಿಲೀಂಧ್ರದ ಬಿಳಿ ಎಳೆಗಳ ನಡುವೆ ಪಾಚಿಯ ಹಸಿರು ಗುಂಡುಗಳು ಕಣ್ಣೆದುರೇ ಇರುತ್ತವೆ. ಅಮೆರಿಕದ ವಿಜ್ಞಾನಿ ವಿಟೇಕರ್ 1969ರಲ್ಲಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ಮಾಡಿದ ವಿಂಗಡಣೆಯ ಪ್ರಕಾರ ಒಂದೇ ಕಲೆಯಲ್ಲಿ ಎರಡು ಸಾಮ್ರಾಜ್ಯ! ಇಂದಿನ ನಾಮಕರಣ ನಿಯಮದಂತೆ ಕಲ್ಲುಹೂವಿನ ಹೆಸರು ಶಿಲೀಂಧ್ರಕ್ಕೆ ಸಲ್ಲುತ್ತದೆ, ಪಾಚಿಗೆ ಅದರದೇ ಬೇರೆ ಹೆಸರು.

ಕಿತ್ತಳೆ ಕಲೆಯ ಕುಟುಂಬವನ್ನು ಬೀಜಕಗಳೇ ಹೇಳುತ್ತವೆ. ಕಲೆಯ ಮೇಲೆ ಬೀಜಕ ಹುಟ್ಟುವ ಪುಟ್ಟ ಬಟ್ಟಲುಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ: ಬೀಜಕದಲ್ಲಿ ಎರಡು ಕೋಣೆ, ನಡುವೆ ದಪ್ಪ ಗೋಡೆ, ಗೋಡೆಯಲ್ಲೊಂದು ಸಣ್ಣ ಕಿಂಡಿ ಕಂಡರೆ ಅದು ಟೆಲೋಸ್ಕಿಸ್ಟೇಸಿಯೇ ಕುಟುಂಬ. ಬಟ್ಟಲೇ ಇಲ್ಲದ ಮಾದರಿಗೆ ಕಣ್ಣಳತೆಯಲ್ಲಿ ಪ್ರಭೇದದ ಹೆಸರು ಬರೆಯಬೇಡಿ.