ಕೆಂಟಕಿ ಸರೋವರದ ಕ್ರ್ಯಾಪಿ: ಏಪ್ರಿಲ್‌ನಲ್ಲಿ ಗಾಳ ಹಿಡಿದು ಹೊರಡುವವರಿಗೆ

ಅಮೆರಿಕದ ನ್ಯಾಶ್‌ವಿಲ್‌ನಿಂದ ಮರ್ರೆ ಊರಿಗೆ ಕಾರಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ಪೂರ್ವದ ಕಡೆಗೆ ತುಸು ದೂರದಲ್ಲೇ ಬ್ಲಡ್ ರಿವರ್ ಕೊಲ್ಲಿ. ಟೆನೆಸಿ ನದಿಗೆ ಅಡ್ಡವಾಗಿ 1944ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರೇ ಕೆಂಟಕಿ ಸರೋವರ, ಈ ಕೊಲ್ಲಿ ಅದರದೇ ಭಾಗ. ಕ್ರ್ಯಾಪಿ ಮೀನಿಗಾಗಿ ಇಲ್ಲಿಗೆ ಬರುವವರು ಕನಿಷ್ಠ ಮೂರು ದಿನ ಇಟ್ಟುಕೊಳ್ಳಿ. ಒಂದು ದಿನ ಹೋಗುವುದೇ ಮೀನು ಎಷ್ಟು ಆಳದಲ್ಲಿದೆ ಎಂದು ಹುಡುಕುವುದಕ್ಕೆ.

ಕ್ಯಾಲೆಂಡರ್ ನಂಬಿ ಟಿಕೆಟ್ ಮಾಡಿಸಿದವರು ಬಹಳ ಸಲ ಬರಿಗೈಯಲ್ಲಿ ಮರಳುತ್ತಾರೆ. ನೋಡಬೇಕಾದದ್ದು ನೀರಿನ ಬಿಸಿ. ಮಲೆನಾಡಿನಲ್ಲಿ ಮೊದಲ ಮಳೆಗೆ ಹತ್ತುಮೀನು ಗದ್ದೆಯತ್ತ ಏರುವುದನ್ನು ಕಂಡವರಿಗೆ ಈ ಓಡಾಟ ಬೇಗ ಅರ್ಥವಾಗುತ್ತದೆ. ಇಲ್ಲಿ ಮೀನನ್ನು ಕರೆಯುವುದು ಮಳೆಯಲ್ಲ, ಬಿಸಿಲು. ಚಳಿಗಾಲದಲ್ಲಿ ಕ್ರ್ಯಾಪಿ ನೀರಿನಡಿ ಮುಳುಗಿದ ಹಳೆಯ ತೊರೆಯ ಪಾತ್ರದ ಅಂಚಿನಲ್ಲಿ 15ರಿಂದ 25 ಅಡಿ ಆಳದಲ್ಲಿ ಗುಂಪುಗೂಡಿರುತ್ತದೆ. ನೀರು 50 ಡಿಗ್ರಿ ಫ್ಯಾರನ್‌ಹೀಟ್ ದಾಟಿತೆಂದರೆ ಅದೇ ಪಾತ್ರವನ್ನೇ ದಾರಿ ಮಾಡಿಕೊಂಡು ಕೊಲ್ಲಿಯ ಬಾಯಿಗೆ ಬಂದು, 8ರಿಂದ 14 ಅಡಿಯಲ್ಲಿ ಮುಳುಗಿದ ಕೊಂಬೆರಾಶಿಗಳ ಬಳಿ ಕಾಯುತ್ತದೆ. 60 ದಾಟಿದ ಮೇಲೆ ಗಂಡುಗಳು ಮೊದಲು ದಡಕ್ಕೆ ಬಂದು ಗೂಡು ಮಾಡುತ್ತವೆ. ಆಗ ಅವುಗಳ ಮೈ ಕಪ್ಪಾಗುತ್ತದೆ. ಎರಡರಿಂದ ಆರು ಅಡಿ ನೀರಿನಲ್ಲಿ ಬರೀ ಕಪ್ಪು ಗಂಡುಗಳೇ ಸಿಗುತ್ತಿದ್ದರೆ ದೊಡ್ಡ ಹೆಣ್ಣುಗಳು ಇನ್ನೂ ಹಿಂದೆ ಇವೆ ಎಂದರ್ಥ. ದೋಣಿಯನ್ನು ಒಂದು ಮೆಟ್ಟಿಲು ಆಳಕ್ಕೆ ಸರಿಸಿ. ಮೊಟ್ಟೆಯಿಟ್ಟ ಹೆಣ್ಣು ದಡದಲ್ಲಿ ನಿಲ್ಲುವುದಿಲ್ಲ, ಬಂದ ದಾರಿಯಲ್ಲೇ ಆಳಕ್ಕೆ ಇಳಿಯುತ್ತದೆ. ಗೂಡು ಕಾಯುವುದು ಗಂಡು.

ರಾತ್ರಿ ಶೀತಗಾಳಿ ಬೀಸಿದರೆ ನಿನ್ನೆ ಮೀನು ಸಿಕ್ಕಿದ ಜಾಗ ಇಂದು ಖಾಲಿ. ಮೀನು ಊರು ಬಿಟ್ಟಿರುವುದಿಲ್ಲ. ಹತ್ತಿರದ ಮೊದಲ ಇಳಿಜಾರಿಗೆ ಸರಿದು ಕೊಂಬೆಗೆ ಅಂಟಿಕೊಂಡಿರುತ್ತದೆ. ನೀರು ಕದಡಿದ್ದರೆ ಇನ್ನೂ ಮೇಲೆ, ತಿಳಿಯಾಗಿದ್ದರೆ ಇನ್ನೂ ಕೆಳಗೆ ಹುಡುಕಿ.

ಇನ್ನೊಂದು ವಿಷಯ ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಚಳಿಗಾಲದ ನೀರಿನ ಮಟ್ಟ ಸಮುದ್ರಮಟ್ಟದಿಂದ 354 ಅಡಿ. ಅದನ್ನು ಏಪ್ರಿಲ್ ತಿಂಗಳಿಡೀ ಏರಿಸಿ, ಮೇ ಮೊದಲಿಗೆ 359ಕ್ಕೆ ತರುತ್ತಾರೆ. ತಿಂಗಳ ಆರಂಭದಲ್ಲಿ ಒಣನೆಲದಲ್ಲಿದ್ದ ಪೊದೆ ಕೊನೆಗೆ ನೀರಿನಲ್ಲಿರುತ್ತದೆ, ಮೀನೂ ಅದರೊಳಗೆ ನುಗ್ಗುತ್ತದೆ. ಹಾಗಾಗಿ ಕಳೆದ ವರ್ಷದ ಜಿಪಿಎಸ್ ಗುರುತು ತೆರೆಯುವ ಮುಂಚೆ ಅವತ್ತಿನ ಮಟ್ಟ ನೋಡಿ.

ದಾರ 6 ಅಥವಾ 8 ಪೌಂಡ್ ಭಾರ ತಾಳುವಂಥದ್ದು ಸಾಕು. ತುದಿಗೆ ಒಂದು ಔನ್ಸ್ ಸೀಸದ ಗುಂಡು, ಅದರ ಮೇಲೆ ಒಂದೂವರೆ ಅಡಿ ಅಂತರದಲ್ಲಿ ಎರಡು ತೆಳು ತಂತಿಯ ಗಾಳ, ಎರಡಕ್ಕೂ ಜೀವಂತ ಪುಟ್ಟ ಮೀನು. ಗುಂಡು ಕೊಂಬೆಗೆ ತಾಗುವುದು ಕೈಗೆ ತಿಳಿಯುತ್ತದೆ. ತಾಗಿದೊಡನೆ ಒಂದಡಿ ಮೇಲೆತ್ತಿ ಸುಮ್ಮನಿರಿ. ಕೊಂಬೆಗೆ ಸಿಕ್ಕಿದರೂ ತೆಳು ಗಾಳ ನೆಟ್ಟಗಾಗಿ ಬಿಟ್ಟುಕೊಳ್ಳುತ್ತದೆ, ಇಕ್ಕಳದಲ್ಲಿ ಬಗ್ಗಿಸಿ ಮತ್ತೆ ಬಳಸಬಹುದು. ದಪ್ಪ ಗಾಳವಾದರೆ ದಾರವೇ ತುಂಡು. ಕ್ರ್ಯಾಪಿ ಮೇಲ್ಮುಖವಾಗಿ ನೋಡಿ ತಿನ್ನುವ ಮೀನು, ಎರೆ ಅದರ ತಲೆಗಿಂತ ಕೆಳಗೆ ಹೋದರೆ ಕಾಣುವುದೇ ಇಲ್ಲ. ಸೋನಾರ್‌ನಲ್ಲಿ 12 ಅಡಿಗೆ ಮೀನು ಕಂಡರೆ 11ಕ್ಕೆ ಬಿಡಿ. ಕಚ್ಚಿದಾಗ ಜಗ್ಗಬೇಡಿ, ಅದರ ಬಾಯಿ ಕಾಗದದಷ್ಟು ತೆಳು, ಹರಿದುಹೋಗುತ್ತದೆ. ಕಡ್ಡಿಯನ್ನು ಮೆಲ್ಲಗೆ ಎತ್ತಿ, ಕೈಬಲೆ ಕೆಳಗೆ ಹಿಡಿದು ತೆಗೆಯಿರಿ.

ಸರೋವರದ ದಕ್ಷಿಣ ಭಾಗ ಟೆನೆಸಿ ರಾಜ್ಯದ್ದು. ಎಲ್ಲಿ ಗಾಳ ಹಾಕುತ್ತೀರೋ ಆ ರಾಜ್ಯದ ಲೈಸೆನ್ಸ್ ಮತ್ತು ಆ ವರ್ಷದ ಮಿತಿಗಳನ್ನು ಮೊದಲೇ ನೋಡಿಕೊಳ್ಳಿ. ಕೆಂಟಕಿ ಭಾಗದಲ್ಲಿ 10 ಇಂಚಿಗಿಂತ ಚಿಕ್ಕ ಕ್ರ್ಯಾಪಿಯನ್ನು ನೀರಿಗೇ ಬಿಡಬೇಕು, ಅಳತೆಪಟ್ಟಿ ದೋಣಿಯಲ್ಲಿರಲಿ. ಸರೋವರ ತೆಂಕಣದಿಂದ ಬಡಗಣಕ್ಕೆ ಉದ್ದವಾಗಿ ಚಾಚಿರುವುದರಿಂದ ದಕ್ಷಿಣದ ಗಾಳಿ ಎದ್ದರೆ ನಡುನೀರಿನಲ್ಲಿ ಅಲೆ ಬಹಳ. ಸರಕು ಸಾಗಿಸುವ ಬಾರ್ಜ್‌ಗಳೂ ಅಲ್ಲೇ ಓಡಾಡುತ್ತವೆ. ಅಂಥ ದಿನ ಲೈಫ್ ಜಾಕೆಟ್ ತೊಟ್ಟು ಕೊಲ್ಲಿಯೊಳಗೇ ಗಾಳ ಹಾಕಿ, ದಾಟುವುದು ಬೇಡ.