ತನ್ನನ್ನು ತಾನೇ ವಿಸರ್ಜಿಸಿಕೊಂಡ ಸಂಘ

ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಇಲ್ಲಿಯವರು ಪ್ರಾಣ ಬಿಡುವ ಅಮೆರಿಕನ್ ಫುಟ್‌ಬಾಲ್ ಆಟವನ್ನು ನಾನು ಮೈದಾನದ ಕಡೆಯಿಂದ ನೋಡಿದ್ದಕ್ಕಿಂತ ಕಾರ್ಮಿಕ ಸಂಘದ ಕಡೆಯಿಂದ ನೋಡಿದ್ದೇ ಹೆಚ್ಚು. ಅದಕ್ಕೆ ಎರಡು ಕಾರಣಗಳಿವೆ. ಈ ಆಟದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಆಟಗಾರರಿಗೂ ತಂಡಗಳ ಮಾಲೀಕರಿಗೂ ನಡೆದ ದೊಡ್ಡ ಮೊಕದ್ದಮೆಗಳಲ್ಲಿ ಹೆಚ್ಚಿನವು ಇದೇ ಊರಿನ ಅಥವಾ ಪಕ್ಕದ ಸೇಂಟ್ ಪಾಲ್‌ನ ಫೆಡರಲ್ ನ್ಯಾಯಾಲಯದಲ್ಲಿ ನಡೆದವು ಎಂಬುದು ಒಂದು ಕಾರಣ. ಇನ್ನೊಂದು ನಮ್ಮ ಮನೆಯದು.

ನಮ್ಮ ತಂದೆ ಬೆಂಗಳೂರಿನಲ್ಲಿ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು. 1980ರ ಡಿಸೆಂಬರ್‌ನಲ್ಲಿ ಆರಂಭವಾಗಿ 77 ದಿನ ನಡೆದ ಆ ದೊಡ್ಡ ಮುಷ್ಕರದಲ್ಲಿ ಅವರೂ ಇದ್ದರು. ಆಗ ನನಗೆ ಒಂಬತ್ತು ವರ್ಷ. ಅಂದಿನ ಘೋಷಣೆಗಳು ಒಂದೂ ನೆನಪಿಲ್ಲ. ನೆನಪಿರುವುದು ಬೀದಿಯ ಮೂಲೆಯ ದಿನಸಿ ಅಂಗಡಿಯ ಉದ್ದನೆಯ ಕೆಂಪು ರಟ್ಟಿನ ಸಾಲದ ಪುಸ್ತಕ. ಮೊದಲ ತಿಂಗಳು ಅಮ್ಮ ಬರೆದುಕೊಟ್ಟ ಚೀಟಿಯಲ್ಲಿ ಒಂದು ಕೆಜಿ ತೊಗರಿಬೇಳೆ ಇರುತ್ತಿತ್ತು. ಮೂರನೆಯ ತಿಂಗಳ ಹೊತ್ತಿಗೆ ಅದು ಕಾಲು ಕೆಜಿಗೆ ಇಳಿದಿತ್ತು, ಕಾಫಿಪುಡಿ ಚೀಟಿಯಿಂದಲೇ ಬಿಟ್ಟುಹೋಗಿತ್ತು. ಅಂಗಡಿಯವರು ಏನೂ ಕೇಳದೆ ಬರೆದುಕೊಳ್ಳುತ್ತಿದ್ದರು. ಮುಷ್ಕರದಲ್ಲಿ ನ್ಯಾಯ ಯಾರ ಕಡೆಗಿದೆ ಎಂಬುದಕ್ಕಿಂತ ಮೊದಲು, ಯಾರು ಎಷ್ಟು ದಿನ ತಡೆದುಕೊಳ್ಳಬಲ್ಲರು ಎಂಬ ಪ್ರಶ್ನೆ ಇರುತ್ತದೆ ಎಂದು ನನಗೆ ತಿಳಿದದ್ದು ಆ ಚೀಟಿಗಳಿಂದ.

ಕೋಟಿಗಟ್ಟಲೆ ದುಡಿಯುವ ಆಟಗಾರರನ್ನು ಕಾರ್ಖಾನೆಯ ಕಾರ್ಮಿಕರ ಜೊತೆ ಹೋಲಿಸುವುದು ಸರಿಯೇ ಎಂದು ಗೆಳೆಯರು ಕೇಳುತ್ತಾರೆ. ಹಣದ ವಿಷಯದಲ್ಲಿ ಹೋಲಿಕೆ ಇಲ್ಲ, ನಿಜ. ಆದರೆ ಕಾಲದ ವಿಷಯದಲ್ಲಿ ಈ ಆಟಗಾರನ ಸ್ಥಿತಿ ಕಾರ್ಖಾನೆಯವನಿಗಿಂತಲೂ ಬಿಗಿಯಾದದ್ದು. ಒಬ್ಬ ಆಟಗಾರ ಈ ಲೀಗ್‌ನಲ್ಲಿ ಉಳಿಯುವ ಸರಾಸರಿ ಅವಧಿ ಸುಮಾರು 3.3 ವರ್ಷ ಎಂದು ಆಟಗಾರರ ಸಂಘವೇ ಹೇಳುತ್ತ ಬಂದಿದೆ. ನಾಲ್ಕು ವರ್ಷಕ್ಕೆ ಸಹಿ ಹಾಕಿದ ಕರಾರಿನಲ್ಲಿ ಖಾತರಿಯ ಭಾಗ ಬಿಟ್ಟು ಉಳಿದ ಹಣ, ಮೊಣಕಾಲು ಮುರಿದು ತಂಡ ಅವನನ್ನು ಕೈಬಿಟ್ಟರೆ, ಕಾಗದದಲ್ಲೇ ಉಳಿಯುತ್ತದೆ. ಮಾಲೀಕರ ಕಾಲ ಬೇರೆ. ಷೇರುದಾರ ಅಭಿಮಾನಿಗಳ ಒಡೆತನದಲ್ಲಿರುವ ಗ್ರೀನ್ ಬೇ ಪ್ಯಾಕರ್ಸ್ ಒಂದನ್ನು ಬಿಟ್ಟರೆ, ಉಳಿದ 31 ತಂಡಗಳ ಒಡೆತನ ಶ್ರೀಮಂತ ವ್ಯಕ್ತಿಗಳ ಮತ್ತು ಕುಟುಂಬಗಳ ಕೈಯಲ್ಲಿದೆ; ಅವುಗಳಲ್ಲಿ ಕೆಲವು ಅಪ್ಪನಿಂದ ಮಕ್ಕಳಿಗೆ ಬಂದವು. ಒಂದು ಋತು ಹಾಳಾದರೆ ಮಾಲೀಕನಿಗೆ ನಷ್ಟವಾಗುತ್ತದೆ. ಆಟಗಾರನಿಗಾದರೋ ವೃತ್ತಿಯ ಮೂರರಲ್ಲೊಂದು ಭಾಗವೇ ಹೋಗುತ್ತದೆ.

ಸಂಘ ಹುಟ್ಟಿದ್ದು 1956ರಲ್ಲಿ. ಮೊದಲ ದಶಕಗಳ ಜಗಳವೆಲ್ಲ ಒಂದೇ ವಿಷಯದ ಸುತ್ತ ನಡೆಯಿತು: ಕರಾರು ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗಬಹುದೇ? ಲೀಗ್‌ನ ಮುಖ್ಯಸ್ಥ, ಅಂದರೆ ಕಮಿಷನರ್, ಪೀಟ್ ರೊಜೆಲ್ ಹೆಸರಿನಲ್ಲೇ ಇದ್ದ ನಿಯಮದ ಪ್ರಕಾರ, ಹಾಗೆ ಹೋದವನನ್ನು ಸೇರಿಸಿಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಿತ್ತು, ತಂಡಗಳ ನಡುವೆ ಒಪ್ಪಂದವಾಗದಿದ್ದರೆ ಎಷ್ಟು ಎಂಬುದನ್ನು ಕಮಿಷನರೇ ತೀರ್ಮಾನಿಸುತ್ತಿದ್ದರು. ಪರಿಹಾರವಾಗಿ ಏನನ್ನು ಕಳೆದುಕೊಳ್ಳಬೇಕಾದೀತೋ ಎಂಬ ಅಂಜಿಕೆಯಿಂದ ತಂಡಗಳು ಆ ಗೋಜಿಗೆ ಹೋಗಲು ಹಿಂಜರಿಯುತ್ತಿದ್ದವು. ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಜಾನ್ ಮ್ಯಾಕಿ ಸಂಘದ ಅಧ್ಯಕ್ಷರಾಗಿದ್ದಾಗ ಇದರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಆಟಗಾರರ ಪರ ನಿಂತಿತು. ಮರುವರ್ಷದ ಒಪ್ಪಂದದಲ್ಲಿ ಸಂಘವು ಹೀಗೆ ಗೆದ್ದ ಸ್ವಾತಂತ್ರ್ಯದ ಬಹುಭಾಗವನ್ನು ಸವಲತ್ತುಗಳಿಗೂ ತನ್ನ ಭದ್ರತೆಗೂ ಬದಲಾಗಿ ಮರಳಿಸಿಬಿಟ್ಟಿತು. ನನ್ನ ಮಟ್ಟಿಗೆ ಅದು ದೊಡ್ಡ ತಪ್ಪು. 1982ರಲ್ಲಿ ಆದಾಯದ ಶೇ. 55 ಪಾಲು ಬೇಕೆಂದು ಪಟ್ಟು ಹಿಡಿದು 57 ದಿನ ಮುಷ್ಕರ ಹೂಡಿದರು. 16 ಪಂದ್ಯಗಳ ಋತು ಒಂಬತ್ತಕ್ಕೆ ಇಳಿಯಿತು, ಕೇಳಿದ ಪಾಲು ಸಿಗಲಿಲ್ಲ.

1987ರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಓಕ್ಲೆಂಡ್ ರೈಡರ್ಸ್ ಪರ ಆಡಿ ಹೆಸರು ಮಾಡಿದ್ದ ಜೀನ್ ಅಪ್‌ಷಾ ಆಗ ಸಂಘದ ಮುಖ್ಯಸ್ಥರು. ಎರಡು ವಾರದ ಪಂದ್ಯಗಳು ಮುಗಿದ ಮೇಲೆ ಸೆಪ್ಟೆಂಬರ್ 22ರಂದು ಮುಷ್ಕರ ಆರಂಭವಾಯಿತು. ಮಾಲೀಕರು ಒಂದು ವಾರದ ಪಂದ್ಯಗಳನ್ನು ರದ್ದು ಮಾಡಿ, ಮುಂದಿನ ವಾರದಿಂದ ಬದಲಿ ಆಟಗಾರರನ್ನು ಕಣಕ್ಕಿಳಿಸಿದರು. ತಂಡದ ಆಯ್ಕೆಯಲ್ಲಿ ಹಿಂದೆ ಬಿದ್ದವರು, ಆಟ ಬಿಟ್ಟು ಬೇರೆ ಉದ್ಯೋಗ ಹಿಡಿದಿದ್ದವರು ತಂಡದ ಅಂಗಿ ತೊಟ್ಟು ಆಡಿದರು. ಟಿವಿ ಪ್ರಸಾರ ನಿಲ್ಲಲಿಲ್ಲ, ಸಂಬಳದ ಖರ್ಚು ಮಾತ್ರ ಇಳಿಯಿತು. ಜೋ ಮೊಂಟಾನಾ, ಲಾರೆನ್ಸ್ ಟೇಲರ್‌ರಂತಹ ದೊಡ್ಡ ಹೆಸರಿನವರೂ ಮುಷ್ಕರ ಮುಗಿಯುವ ಮೊದಲೇ ಮೈದಾನಕ್ಕೆ ಮರಳಿದರು. ಮಾತುಕತೆಯ ಮೇಜಿನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಆಡಳಿತ ನಡೆಸುತ್ತಿದ್ದ ಟೆಕ್ಸ್ ಶ್ರಾಮ್ ಅವರು ‘ನೀವು ದನಗಳು, ನಾವು ದನಗಳ ಒಡೆಯರು, ದನಗಳು ಇನ್ನೂ ಬೇಕಾದಷ್ಟು ಸಿಗುತ್ತವೆ’ ಎಂಬರ್ಥದ ಮಾತು ಆಡಿದರೆಂದು ಅಪ್‌ಷಾ ಮುಂದೆ ಹೇಳಿದ್ದುಂಟು.

24ನೆಯ ದಿನ, ಅಕ್ಟೋಬರ್ 15ರ ಗುರುವಾರ, ಒಪ್ಪಂದವೇ ಇಲ್ಲದೆ ಸಂಘ ಮುಷ್ಕರ ಹಿಂತೆಗೆದುಕೊಂಡಿತು. ಕೆಲಸಕ್ಕೆ ಹಿಂತಿರುಗಿದ ಆಟಗಾರರಿಗೆ ಬಾಗಿಲಲ್ಲಿ ಸಿಕ್ಕ ಉತ್ತರ, ಗಡುವು ಬುಧವಾರವೇ ಮುಗಿದಿದೆ, ಈ ವಾರ ಆಟವೂ ಇಲ್ಲ ಸಂಬಳವೂ ಇಲ್ಲ ಎಂಬುದು. ಅದು ಕಾನೂನಿಗೆ ವಿರುದ್ಧವಾದ ನಡೆ ಎಂದು ಕಾರ್ಮಿಕ ಮಂಡಳಿ ತೀರ್ಮಾನಿಸಿದ್ದು ವರ್ಷಗಳ ಮೇಲೆ. ಆ ವಾರಾಂತ್ಯ ಆಡಿದವರು ಬದಲಿಗಳೇ. ಸೋಮವಾರ ರಾತ್ರಿ ವಾಷಿಂಗ್ಟನ್ ತಂಡದ ಬದಲಿ ಆಟಗಾರರು, ಮುಷ್ಕರ ಮುರಿದು ಬಂದ ಹಲವು ಖಾಯಂ ಆಟಗಾರರಿದ್ದ ಡಲ್ಲಾಸ್ ತಂಡವನ್ನು 13–7ರಿಂದ ಸೋಲಿಸಿದರು. ವಾಷಿಂಗ್ಟನ್ನಿನ ಖಾಯಂ ಆಟಗಾರರಲ್ಲಿ ಒಬ್ಬನೂ ಮುಷ್ಕರ ಮುರಿದಿರಲಿಲ್ಲ. ಮರುದಿನದಿಂದ ಬದಲಿಗಳು ಮನೆಗೆ ಹೋದರು. ತಂಡ ಮುಂದೆ ಆ ಋತುವಿನ ಸೂಪರ್ ಬೌಲ್, ಅಂದರೆ ಲೀಗ್‌ನ ಅಂತಿಮ ಪಂದ್ಯ, ಗೆದ್ದಿತು. ಆ ಬದಲಿಗಳಿಗೆ ವಿಜಯದ ಉಂಗುರ ಸಿಕ್ಕಿದ್ದು 2018ರಲ್ಲಿ, ಮೂವತ್ತು ವರ್ಷಗಳ ನಂತರ. ಅವರ ಮೇಲೆ ನನಗೆ ಕೋಪ ಬರುವುದಿಲ್ಲ. ಅವರನ್ನೂ ಬೇಕಾದಾಗ ಕರೆದು ಬೇಡವಾದಾಗ ಕಳುಹಿಸಿದ್ದರು.

ಈ ಸೋಲಿನ ನಂತರ ಸಂಘ ಹಿಡಿದ ದಾರಿ ಕಾರ್ಮಿಕ ಚರಿತ್ರೆಯಲ್ಲಿ ಅಪರೂಪದ್ದು. ಪರಸ್ಪರ ಸ್ಪರ್ಧಿಸಬೇಕಾದ ಕಂಪನಿಗಳು ಒಟ್ಟುಗೂಡಿ, ನಿನ್ನ ನೌಕರನನ್ನು ನಾನು ಕರೆಯುವುದಿಲ್ಲ, ನನ್ನವನನ್ನು ನೀನು ಕರೆಯಬೇಡ ಎಂದು ಗೊತ್ತು ಮಾಡಿಕೊಂಡರೆ ಅಮೆರಿಕದ ಏಕಸ್ವಾಮ್ಯ ವಿರೋಧಿ ಕಾನೂನು ಅದನ್ನು ಒಪ್ಪುವುದಿಲ್ಲ. ಆದರೆ ಅದೇ ನಿರ್ಬಂಧ ಕಾರ್ಮಿಕ ಸಂಘದ ಜೊತೆಗಿನ ಸಾಮೂಹಿಕ ಮಾತುಕತೆಯಿಂದ ಬಂದದ್ದಾದರೆ ನ್ಯಾಯಾಲಯಗಳು ವಿನಾಯಿತಿ ಕೊಡುತ್ತವೆ. 1989ರ ನವೆಂಬರ್‌ನಲ್ಲಿ ಮಾರ್ವಿನ್ ಪೊವೆಲ್ ಅವರ ಹೆಸರಿನ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಪ್ಪಂದದ ಅವಧಿ ಮುಗಿದು ಮಾತುಕತೆ ಮುರಿದುಬಿದ್ದಿದ್ದರೂ, ಸಂಘ ಮತ್ತು ಮಾಲೀಕರ ಸಂಬಂಧ ಉಳಿದಿರುವವರೆಗೆ ಆ ವಿನಾಯಿತಿಯೂ ಉಳಿಯುತ್ತದೆ ಎಂದಿತು. ಅಂದರೆ ಆಟಗಾರರ ಸಂಘ ಇರುವುದೇ ಮಾಲೀಕರಿಗೆ ಗುರಾಣಿಯಾಗಿತ್ತು. ಆಟಗಾರರು ಆ ಗುರಾಣಿಯನ್ನು ಕಿತ್ತುಹಾಕಿದರು: ಅದೇ ವರ್ಷ ಸಂಘ ಕಾರ್ಮಿಕ ಸಂಘವಾಗಿ ಇರುವ ಹಕ್ಕನ್ನೇ ತ್ಯಜಿಸಿ, ವೃತ್ತಿಪರರ ಒಂದು ಸಾಮಾನ್ಯ ಕೂಟವಾಗಿ ಉಳಿಯಿತು. ಮೂವತ್ತು ವರ್ಷ ಕಷ್ಟಪಟ್ಟು ಕಟ್ಟಿದ ಸಂಘವನ್ನು ಕಟ್ಟಿದವರೇ ವಿಸರ್ಜಿಸುವ ತೀರ್ಮಾನಕ್ಕೆ ಎಷ್ಟು ಎದೆಗಾರಿಕೆ ಬೇಕಾಗಿರಬಹುದೆಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ಫಲ ಕಂಡದ್ದು ನಮ್ಮೂರಿನಲ್ಲಿ. ಪ್ರತಿ ತಂಡವೂ 37 ಆಟಗಾರರನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬಹುದೆಂದು ಮಾಲೀಕರು ತಾವಾಗಿಯೇ ಮಾಡಿಕೊಂಡಿದ್ದ ‘ಪ್ಲ್ಯಾನ್ ಬಿ’ ವಿರುದ್ಧ ನ್ಯೂಯಾರ್ಕ್ ಜೆಟ್ಸ್‌ನ ಫ್ರೀಮನ್ ಮೆಕ್‌ನೀಲ್ ಮತ್ತು ಇತರ ಏಳು ಮಂದಿ ಹೂಡಿದ ದಾವೆ ಮಿನಿಯಾಪೊಲಿಸ್‌ನಲ್ಲಿ ನ್ಯಾಯಾಧೀಶ ಡೇವಿಡ್ ಡೋಟಿ ಅವರ ಮುಂದೆ ನಡೆಯಿತು. 1992ರ ಸೆಪ್ಟೆಂಬರ್‌ನಲ್ಲಿ ಎಂಟು ಮಹಿಳೆಯರಿದ್ದ ಜ್ಯೂರಿ, ಆ ನಿರ್ಬಂಧ ಅಗತ್ಯಕ್ಕಿಂತ ಮಿತಿಮೀರಿದ್ದು ಎಂದು ತೀರ್ಪಿತ್ತಿತು. ಎಂಟು ಮಂದಿಯಲ್ಲಿ ನಾಲ್ವರಿಗೆ ಪರಿಹಾರ ಸಿಕ್ಕಿತು. ಮೊಕದ್ದಮೆಗೆ ತನ್ನ ಹೆಸರು ಕೊಟ್ಟ ಮೆಕ್‌ನೀಲ್‌ಗೆ ಒಂದು ಡಾಲರೂ ಬರಲಿಲ್ಲ. ಕೆಲವೇ ವಾರಗಳಲ್ಲಿ ಕೀತ್ ಜಾಕ್ಸನ್ ಅದೇ ನ್ಯಾಯಾಲಯದ ಆದೇಶದ ಬಲದಿಂದ ಫಿಲಡೆಲ್ಫಿಯಾ ಬಿಟ್ಟು ಮಯಾಮಿ ಸೇರಿದರು. ಆಟಗಾರರೆಲ್ಲರ ಪರವಾಗಿ ರೆಜಿ ವೈಟ್ ಹೂಡಿದ ಮೊಕದ್ದಮೆಯನ್ನು ಮಾಲೀಕರು ರಾಜಿಯಲ್ಲಿ ಮುಗಿಸಿದರು. 1993ರಲ್ಲಿ ಸಂಘ ಮತ್ತೆ ಸಂಘವಾಯಿತು, ಹೊಸ ಒಪ್ಪಂದ ಬಂತು, ನಿಗದಿತ ವರ್ಷಗಳ ನಂತರ ಬೇಕಾದ ತಂಡಕ್ಕೆ ಹೋಗುವ ಹಕ್ಕು ಬಂತು. ಪ್ರತಿಯಾಗಿ ಮಾಲೀಕರು ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಹಣಕ್ಕೆ ಮಿತಿ, ಪಡೆದರು. 1994ರಲ್ಲಿ ಅದು ತಂಡಕ್ಕೆ 3.46 ಕೋಟಿ ಡಾಲರ್. ರೆಜಿ ವೈಟ್ ಸ್ವತಃ ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರಿಗೆ ಗ್ರೀನ್ ಬೇ ಸೇರಿದರು.

ನಾನು ಹತ್ತಿರದಿಂದ ನೋಡಿದ್ದು 2011ರ ಲಾಕ್‌ಔಟ್. ಈ ಸಲ ಬೀಗ ಹಾಕಿದವರು ಮಾಲೀಕರು. ವರ್ಷಕ್ಕೆ ಸುಮಾರು 900 ಕೋಟಿ ಡಾಲರ್ ಇದ್ದ ಆದಾಯದಲ್ಲಿ ನೂರು ಕೋಟಿಯನ್ನು ಅವರು ಖರ್ಚಿನ ಲೆಕ್ಕದಲ್ಲಿ ಮೊದಲೇ ತೆಗೆದಿಡುತ್ತಿದ್ದರು; ಇನ್ನೂ ನೂರು ಕೋಟಿ ತೆಗೆದಿಡಬೇಕು, 18 ಪಂದ್ಯ ಆಡಿಸಬೇಕು ಎಂಬುದು ಅವರ ಬೇಡಿಕೆ. ಪಂದ್ಯಗಳು ನಡೆಯದಿದ್ದರೂ ಟಿವಿ ಕಂಪನಿಗಳಿಂದ ಸುಮಾರು 400 ಕೋಟಿ ಡಾಲರ್ ಬರುವಂತೆ ಅವರು ಮೊದಲೇ ಏರ್ಪಾಡು ಮಾಡಿಕೊಂಡಿದ್ದರು. ದಿನಸಿ ಅಂಗಡಿಯ ಪುಸ್ತಕ ನೋಡಿ ಬೆಳೆದ ನನಗೆ ಈ ಸುದ್ದಿ ಓದಿದ ದಿನ ಬಹಳ ಸಂಕಟವಾಯಿತು. ಆ ಏರ್ಪಾಡು ಆಟಗಾರರಿಗೆ ಮಾಡಿದ ಅನ್ಯಾಯ ಎಂದು ಮಾರ್ಚ್ 1ರಂದು ತೀರ್ಪಿತ್ತವರೂ ಡೋಟಿಯವರೇ.

ಮಾರ್ಚ್ 11ರಂದು ಸಂಘ ಮತ್ತೊಮ್ಮೆ ತನ್ನನ್ನು ವಿಸರ್ಜಿಸಿಕೊಂಡಿತು. ಟಾಮ್ ಬ್ರೇಡಿ, ಪೇಟನ್ ಮ್ಯಾನಿಂಗ್, ಡ್ರೂ ಬ್ರೀಸ್ ಮೊದಲಾದವರ ಹೆಸರಿನಲ್ಲಿ ದಾವೆ ಹೂಡಿದರು. ಸೇಂಟ್ ಪಾಲ್‌ನಲ್ಲಿ ನ್ಯಾಯಾಧೀಶೆ ಸೂಸನ್ ನೆಲ್ಸನ್ ಏಪ್ರಿಲ್ 25ರಂದು ಬೀಗ ತೆಗೆಯಲು ಆದೇಶಿಸಿದರು. ನಾಲ್ಕೇ ದಿನದಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟು, ಜುಲೈ 8ರಂದು ರದ್ದುಪಡಿಸಿತು. ಆಧಾರವಾಗಿ ಬಳಸಿದ್ದು 1932ರ ನಾರಿಸ್–ಲಗಾರ್ಡಿಯ ಕಾಯ್ದೆಯನ್ನು. ಮುಷ್ಕರಗಳನ್ನು ನ್ಯಾಯಾಲಯದ ತಡೆಯಾಜ್ಞೆ ತಂದು ಮುರಿಯುತ್ತಿದ್ದ ಮಾಲೀಕರಿಂದ ಕಾರ್ಮಿಕರನ್ನು ಕಾಪಾಡಲೆಂದು ಮಾಡಿದ ಕಾಯ್ದೆ ಅದು. ಅದೇ ಕಾಯ್ದೆ ಮಾಲೀಕರ ಬೀಗಕ್ಕೆ ರಕ್ಷಣೆಯಾದದ್ದನ್ನು ನನಗೆ ಇಂದಿಗೂ ಒಪ್ಪಿಕೊಳ್ಳಲಾಗಿಲ್ಲ.

ಆ ತಿಂಗಳುಗಳಲ್ಲಿ ಆಟಗಾರರು ತಂಡದ ಮೈದಾನಕ್ಕೆ ಹೋಗುವಂತಿರಲಿಲ್ಲ, ತರಬೇತುದಾರರ ಜೊತೆ ಮಾತನಾಡುವಂತಿರಲಿಲ್ಲ, ತಂಡದ ಆರೋಗ್ಯ ವಿಮೆಯೂ ನಿಂತಿತ್ತು. ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರೀಸ್ ತಮ್ಮ ತಂಡದವರನ್ನು ಟ್ಯುಲೇನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಒಟ್ಟುಗೂಡಿಸಿ ತಾವೇ ಅಭ್ಯಾಸ ನಡೆಸಿದರು. ಆಗಸ್ಟ್‌ನ ಪೂರ್ವಭಾವಿ ಪಂದ್ಯಗಳ ಟಿಕೆಟ್ ಹಣ ಕೈತಪ್ಪುವ ದಿನ ಹತ್ತಿರವಾದಾಗ ಮಾಲೀಕರಿಗೂ ಅವಸರವಾಯಿತು. ಜುಲೈ 25ರಂದು ವಾಷಿಂಗ್ಟನ್‌ನಲ್ಲಿ ಒಪ್ಪಂದ ಪ್ರಕಟವಾಯಿತು.

ಅಂದಿನ ಒಂದು ದೃಶ್ಯ ಕಣ್ಣಿಗೆ ಕಟ್ಟಿದಂತಿದೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಮಾಲೀಕ ರಾಬರ್ಟ್ ಕ್ರಾಫ್ಟ್ ಅವರ ಹೆಂಡತಿ ಮೈರಾ ಐದು ದಿನದ ಹಿಂದಷ್ಟೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು; ಆಕೆ ಹಾಸಿಗೆ ಹಿಡಿದಿದ್ದಾಗಲೂ ಕ್ರಾಫ್ಟ್ ಮಾತುಕತೆಗೆ ಬರುತ್ತಿದ್ದರು. ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಜೆಫ್ ಸ್ಯಾಟರ್ಡೆ, ಆಟಗಾರರ ಪರವಾಗಿ ಮೇಜಿನ ಎದುರು ಬದಿಯಲ್ಲಿ ಕುಳಿತಿದ್ದವರು, ಈ ವ್ಯಕ್ತಿ ಇಲ್ಲದಿದ್ದರೆ ಒಪ್ಪಂದ ಆಗುತ್ತಿರಲಿಲ್ಲ ಎಂದು ಎಲ್ಲರೆದುರು ಹೇಳಿ ಅವರನ್ನು ತಬ್ಬಿಕೊಂಡರು. ಸ್ಯಾಟರ್ಡೆಯವರ ದೊಡ್ಡ ತೋಳುಗಳ ನಡುವೆ ಮಾಲೀಕರು ತಲೆ ತಗ್ಗಿಸಿ ಕ್ಷಣಕಾಲ ನಿಂತಿದ್ದರು. ಮಾಲೀಕರ ಬಗ್ಗೆ ನನಗಿರುವ ಕೋಪ ಆ ಚಿತ್ರ ನೋಡುವಾಗಲೆಲ್ಲ ಸ್ವಲ್ಪ ಇಳಿಯುತ್ತದೆ.

ಒಪ್ಪಂದದಲ್ಲಿ ಒಳ್ಳೆಯದಿತ್ತು. ರಕ್ಷಾಕವಚ ತೊಟ್ಟು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಆಡುವ ಪೂರ್ಣ ಸಂಪರ್ಕದ ಅಭ್ಯಾಸ ದಿನಕ್ಕೆ ಎರಡು ಸಲ ನಡೆಯುವುದು ನಿಂತಿತು. ಋತುವಿನಲ್ಲಿ ಅಂತಹ ಅಭ್ಯಾಸಗಳಿಗೆ 14ರ ಮಿತಿ ಬಂತು, ತಲೆಯ ಪೆಟ್ಟುಗಳ ಬಗ್ಗೆ ಈಗ ತಿಳಿದಿರುವುದನ್ನು ನೋಡಿದರೆ ಇದೇ ಅದರ ಅತಿ ದೊಡ್ಡ ಗೆಲುವು. 18 ಪಂದ್ಯಗಳ ಬೇಡಿಕೆ ಬಿದ್ದುಹೋಯಿತು. ಆದರೆ ಆದಾಯದಲ್ಲಿ ಆಟಗಾರರ ಪಾಲು ಶೇ. 47–48ರ ಸುತ್ತಮುತ್ತ ನಿಂತಿತು, ಮತ್ತು ಹೊಸಬರ ಸಂಬಳ ಕುಸಿಯಿತು. ಕಾಲೇಜಿನಿಂದ ಬರುವ ಹೊಸಬರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಐದು ಕೋಟಿ ಡಾಲರ್ ಖಾತರಿಯಾಗಿತ್ತು. 2011ರ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್ ಅವರ ನಾಲ್ಕು ವರ್ಷದ ಇಡೀ ಕರಾರು ಸುಮಾರು 2.2 ಕೋಟಿಯದು. ಹಳಬರು ಹಂಚಿಕೊಳ್ಳಲು ಹೆಚ್ಚು ಉಳಿಯಿತು, ನಿಜ. ಆದರೂ ಅಂದು ಬಿಟ್ಟುಕೊಟ್ಟದ್ದು ಇನ್ನೂ ಸಂಘಕ್ಕೆ ಸೇರದೆ ಕಾಲೇಜಿನಲ್ಲಿದ್ದ ಹುಡುಗರ ಹಣ. ಮಾತುಕತೆಯ ಕೋಣೆಯಲ್ಲಿ ಇಲ್ಲದವರ ಪಾಲನ್ನು ಮೊದಲು ಬಿಟ್ಟುಕೊಡುವ ಚಾಳಿ ಸಂಘಗಳಿಗೆ ಬರಬಾರದು. ಭಾರತದ ಹಾಲಿ ಕ್ರಿಕೆಟ್ ಆಟಗಾರರಿಗಂತೂ ಹೀಗೆ ಚೌಕಾಶಿ ಮಾಡುವ ಸಂಘವೇ ಇಲ್ಲ. 2019ರಲ್ಲಿ ಹುಟ್ಟಿದ ಸಂಘ ನಿವೃತ್ತರದ್ದು.

2020ರ ಮಾರ್ಚ್‌ನಲ್ಲಿ ಮುಂದಿನ ಒಪ್ಪಂದ ಆಟಗಾರರ ಮತಕ್ಕೆ ಬಂತು. ಮಾಲೀಕರಿಗೆ 17ನೆಯ ಪಂದ್ಯ, ಆಟಗಾರರಿಗೆ ಕನಿಷ್ಠ ಸಂಬಳದ ಏರಿಕೆ ಮತ್ತು ಆದಾಯದಲ್ಲಿ ಸ್ವಲ್ಪ ಹೆಚ್ಚಿನ ಪಾಲು. ಆರನ್ ರಾಜರ್ಸ್, ರಿಚರ್ಡ್ ಶರ್ಮನ್‌ರಂತಹ ಹಿರಿಯರು ಬಹಿರಂಗವಾಗಿ ವಿರೋಧಿಸಿದರು. ಪರವಾಗಿ 1,019, ವಿರೋಧವಾಗಿ 959 ಮತ ಬಿದ್ದವು. ಕನಿಷ್ಠ ಸಂಬಳದ ಹುಡುಗನೊಬ್ಬ ಪರವಾಗಿ ಮತ ಹಾಕಿದ್ದರೆ ನಾನು ಅವನನ್ನು ದೂರಲಾರೆ, ಅವನ ಮುಂದಿರುವುದು ಎರಡೋ ಮೂರೋ ಋತು, ಅಷ್ಟರಲ್ಲಿ ಕೈಗೆ ಬಂದದ್ದೇ ಬಂದದ್ದು. ಒಪ್ಪಂದ 2030ರ ಋತುವಿನವರೆಗೆ ನಡೆಯುತ್ತದೆ. ಕಮಿಷನರ್ ರಾಜರ್ ಗುಡೆಲ್ ಈಗಾಗಲೇ 18ನೆಯ ಪಂದ್ಯದ ಮಾತು ಎತ್ತಿದ್ದಾರೆ. ಮುಂದಿನ ಒಪ್ಪಂದದ ದಿನ ಮೇಜಿನ ಆ ಬದಿಯಲ್ಲಿ ಹೆಚ್ಚುಕಡಿಮೆ ಇದೇ ಮನೆತನಗಳು ಕುಳಿತಿರುತ್ತವೆ. ಈ ಬದಿಯಲ್ಲಿ, 2020ರಲ್ಲಿ ಮತ ಹಾಕಿದ ಆ 1,978 ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಯೂ ಉಳಿದಿರುವುದು ಕಷ್ಟ.